ಕಣ್ಣು ಹಾಕಿದವನು

ಈ ಸಲ ಹಾಯಿಲ್ ಬಿದ್ದದ್ದು ಎಲ್ಲರ ಕಣ್ಣೆದುರಿಗೇ. ನೀರಿನ ಟ್ಯಾಂಕಿಗೆ ಹೋಗುವ ಏರಿನಲ್ಲಿ, ಹೆಂಗಸರು ಒಲೆಯ ಬೂದಿ ಚೆಲ್ಲಲು ಹೊರಗೆ ಬಂದಿದ್ದ, ಮುದುಕರು ಆಡುಗಳನ್ನು ಹೊಡೆದುಕೊಂಡು ಹೊರಟಿದ್ದ ಹೊತ್ತಿನಲ್ಲಿ, ಓಡುತ್ತಿದ್ದವನು ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಂತೆ ತಟ್ಟನೆ ನಿಂತು, ಮೊಣಕಾಲು ಮಡಚಿ, ಮುಖ ಅಡಿಯಾಗಿ ಬಿದ್ದ. ನೌಫಾನ್ ಅವನ ಹಿಂದೆಯೇ ಇದ್ದ. ಅವನು ಯಾವಾಗಲೂ ಹಿಂದೆಯೇ. ಚಿಕ್ಕಪ್ಪನ ಮಗನ ಬೆನ್ನು ನೋಡುತ್ತಲೇ ಈ ವರ್ಷವೆಲ್ಲ ಕಳೆದಿದ್ದ. ಬೂಟಿನ ಹಿಮ್ಮಡಿ ಒಂದು ಪಕ್ಕಕ್ಕೇ ಸವೆದ ರೀತಿ, ಮೀನಖಂಡದಲ್ಲಿ ಏಳುವ ನರ, ಕುತ್ತಿಗೆಯ ಮೇಲೆ ಬೆವರು ಇಳಿಯುವ ದಾರಿ, ಎಲ್ಲ ಅವನಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಬೀಳುವ ಮೊದಲು ಆ ಕುತ್ತಿಗೆ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಅವನೊಬ್ಬನೇ ನೋಡಿದ. ನೋಡಿಯೂ ಕೂಗಲಿಲ್ಲ. ಕೂಗಲು ಉಸಿರಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡನಾದರೂ ಅದು ಸುಳ್ಳೆಂದು ಗೊತ್ತಿತ್ತು. ಉಸಿರು ಬೇಕಾದಷ್ಟಿತ್ತು. ಬೀಳಲಿ ಎಂದು ಒಳಗೊಂದು ಮಾತು ಎದ್ದಿತ್ತು, ಅದೇ ಬಾಯಿಗೆ ಅಡ್ಡ ಬಂದಿತ್ತು.

ಮಗುಚಿ ಹಾಕಿ ಎದೆಯ ಮೇಲೆ ಕೈಯಿಟ್ಟಾಗ ಒಳಗೆ ಏನೂ ಇರಲಿಲ್ಲ. ಆಮೇಲೆ ಖಾಲಿ ಕೊಡದೊಳಗೆ ಕಲ್ಲು ಉರುಳಿದ ಹಾಗೆ ಏನೋ ಎಡವಿತು, ನಿಂತಿತು, ಮತ್ತೆ ಎಡವಿತು, ಕಡೆಗೆ ದಾರಿ ಹಿಡಿಯಿತು. ತುಟಿ ಬದನೆಕಾಯಿ ಬಣ್ಣವಾಗಿತ್ತು. ಆಲಿವ್ ಬಡಿಯುವ ಕಾಲದಲ್ಲಿ ಮೊದಲ ಸಲ ಬಿದ್ದಾಗಲೂ ಇದೇ ಬಣ್ಣ. ಬಾದಾಮಿ ಹೂಬಿಟ್ಟಿದ್ದಾಗ ಕೆಳಗಿನ ಒಣಹಳ್ಳದಲ್ಲಿ ಬಿದ್ದಾಗಲೂ ಇದೇ. ಆಗ ಇಬ್ಬರೇ ಇದ್ದರು. ಹಳ್ಳದ ಕಲ್ಲಿಗೊರಗಿ ಕೂತ ಹಾಯಿಲ್, ತನ್ನ ಸತ್ತ ತಂದೆಯ ಗೋರಿಯ ಮೇಲೆ ಆಣೆ ಹಾಕಿಸಿಕೊಂಡು, ಯಾರಿಗೂ ಹೇಳುವುದಿಲ್ಲವೆಂದು ನೌಫಾನನ ಬಾಯಿಂದ ಹೇಳಿಸಿದ್ದ. ಹೇಳುವಾಗ ನೌಫಾನನಿಗೆ ಒಂದು ಸಣ್ಣ ಸಂತೋಷವಾಗಿತ್ತು, ಇವನದೂ ಒಂದು ಕೊರತೆ ನನ್ನ ಕೈಯಲ್ಲಿದೆಯಲ್ಲ ಎಂದು. ಆ ಸಂತೋಷದ ನೆನಪು ಈಗ ಏರಿನ ಕಲ್ಲುಗಳ ಮೇಲೆ ಮಂಡಿಯೂರಿ ಕೂತವನ ಬಾಯಲ್ಲಿ ಕಹಿಯಾಗಿ ಬಂತು.

ಹಾಯಿಲ್ ಕಣ್ಣು ಬಿಟ್ಟ. "ದೊಡ್ಡಪ್ಪ ನೋಡಿದ್ರಾ?"

"ಎಲ್ರೂ ನೋಡಿದ್ರು."

"ಕಾಲು ಜಾರ್ತು ಅನ್ನು."

"ನಿನ್ನ ತುಟಿ ನೋಡ್ಕೊಂಡಿದೀಯಾ?"

"ಕಾಲು ಜಾರ್ತು ಅಂದೆ."

ಮೇಲಿನಿಂದ ಸೀಟಿ ಕೇಳಿಸಿತು. ನೌಫಾನನ ತಂದೆ ದೈಫಲ್ಲಾ ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾಗಿ ಬರುವಾಗ ಕುಂಟುವ ಬಲಗಾಲನ್ನೂ ಒಂದು ಸೀಟಿಯನ್ನೂ ತಂದಿದ್ದ. ಕಾಲನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಸೀಟಿಯನ್ನು ಕೊರಳಿನಿಂದ ತೆಗೆಯುತ್ತಿರಲಿಲ್ಲ. ನಾಳೆ ಕೆಳಗಿನ ಪಟ್ಟಣದ ಮೈದಾನದಲ್ಲಿ ಸೈನ್ಯದವರು ಹುಡುಗರನ್ನು ಆರಿಸುವುದಿತ್ತು. ಈ ಊರಲ್ಲಿ ಗಂಡಸಾಗಲು ಇರುವುದು ಎರಡೇ ದಾರಿ, ಒಂದು ಸೈನ್ಯಕ್ಕೆ ಸೇರುವುದು, ಇನ್ನೊಂದು ಅಲ್ಲಿಂದ ನಿವೃತ್ತನಾಗಿ ಬಂದು ಉಳಿದವರಿಗೆ ಬುದ್ಧಿ ಹೇಳುವುದು. ಬೆಟ್ಟದ ಕೆಳಗೆ ಉಪ್ಪುಸಮುದ್ರದ ದಡದಲ್ಲಿ ಇನ್ನೊಬ್ಬರ ಟೊಮೇಟೊ ಬಿಡಿಸುವ ಕೆಲಸವೂ ಇದೆ, ಆದರೆ ಅದನ್ನು ಯಾರೂ ದಾರಿಯೆಂದು ಕರೆಯುವುದಿಲ್ಲ. ಅಂತೂ ವರ್ಷವಿಡೀ ದೈಫಲ್ಲಾ ಮಗನನ್ನೂ ತಮ್ಮನ ಮಗನನ್ನೂ ಈ ಏರಿನಲ್ಲಿ ಓಡಿಸಿದ್ದ. ಹಾಯಿಲ್ ಮೇಲೆ ಮುಟ್ಟಿದಾಗ ಅವನ ಬೆನ್ನು ತಟ್ಟಿ, ನೌಫಾನ್ ಮುಟ್ಟಿದಾಗ ಆಕಾಶ ನೋಡುತ್ತಿದ್ದ.

"ಏಳೋ," ಎಂದ ದೈಫಲ್ಲಾ ಹತ್ತಿರ ಬಂದು. "ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆಗೆ ಏನು ತುರುಕಿಕೊಂಡಿದ್ದೆ?"

"ಏನೂ ಇಲ್ಲ ದೊಡ್ಡಪ್ಪ."

"ಅದಕ್ಕೇ ಬಿದ್ದಿದೀಯ. ಹೋಗು, ಎರಡು ರೊಟ್ಟಿ ತುಪ್ಪ ಹಚ್ಚಿಸ್ಕೊಂಡು ತಿನ್ನು." ಆಮೇಲೆ ಮಗನ ಕಡೆ ತಿರುಗಿ, "ನೀನ್ಯಾಕೆ ಕೂತಿದೀಯ? ನೀನೂ ಬಿದ್ಯಾ?" ಎಂದ. ದಾರಿಬದಿಯ ಹೆಂಗಸರು ನಕ್ಕರು.

ಹಾಯಿಲ್ ಎದ್ದು ಮಣ್ಣು ಕೊಡವಿಕೊಂಡು ಮನೆಯ ಕಡೆ ನಡೆದ. ಅವನು ನಡೆಯುವಾಗ ನೋಡಿದರೆ ಊರಿನಲ್ಲಿ ಅಷ್ಟು ಗಟ್ಟಿಮುಟ್ಟಾದ ಹುಡುಗ ಇನ್ನೊಬ್ಬನಿಲ್ಲ. ನೌಫಾನ್ ತಂದೆಯ ಜೊತೆ ಉಳಿದ. ಹೇಳಿಬಿಡಬೇಕು, ಈಗಲೇ, ಇಲ್ಲೇ. ಆಣೆಯಿದ್ದರೆ ಇರಲಿ, ಸತ್ತವರ ಮೇಲಿನ ಆಣೆಗಿಂತ ಇರುವವನ ಜೀವ ದೊಡ್ಡದು. ಹೀಗೆಲ್ಲ ಯೋಚಿಸುತ್ತ ಅವನು ತಂದೆಯ ಕುಂಟು ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿದ. ಈ ಮಾತು ತನ್ನ ಬಾಯಿಂದ ಬಂದರೆ ಅದಕ್ಕೆ ಯಾವ ವಾಸನೆಯಿರುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ವರ್ಷವಿಡೀ ಹಿಂದೆ ಬಿದ್ದವನು, ಪರೀಕ್ಷೆಯ ಹಿಂದಿನ ದಿನ, ಮುಂದಿರುವವನಿಗೆ ರೋಗವಿದೆ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯುವವಳ ಕಾಲೇ ಡೊಂಕು ಎನ್ನುತ್ತಿದ್ದಾನೆ.

"ಅಪ್ಪ, ಅವನು ಹಸಿವಿಂದ ಬಿದ್ದಿದ್ದಲ್ಲ."

"ಮತ್ತೆ?"

"ಎದೆ. ಎದೆಬಡಿತ ನಿಂತೇ ಹೋಗಿತ್ತು. ನಾನು ಕೈ ಇಟ್ಟು ನೋಡಿದೆ."

ದೈಫಲ್ಲಾ ನಿಂತ. ಅವನ ಮುಖದಲ್ಲಿ ಒಂದು ಕ್ಷಣ ಹೆದರಿಕೆ ಬಂದು ಹೋದದ್ದನ್ನು ನೌಫಾನ್ ನೋಡಿದ. ಇದೇ ಮನುಷ್ಯ ತನ್ನ ಸ್ವಂತ ತಮ್ಮನನ್ನು, ಹಾಯಿಲನ ತಂದೆಯನ್ನು, ಗೋಧಿ ಮೂಟೆಯ ಪಕ್ಕದಿಂದ ಎತ್ತಿ ತಂದವನು. ಮೂಟೆ ಹೆಗಲಿಗೇರಿಸಿದವನು ಹೆಗಲಿಂದ ಇಳಿಸಲೇ ಇಲ್ಲ, ಮೂಟೆಯೇ ಅವನನ್ನು ಇಳಿಸಿತು ಎಂದು ಊರು ಇನ್ನೂ ಹೇಳುತ್ತದೆ. ಅಷ್ಟು ಗಟ್ಟಿ ಆಳಿಗೆ ಯಾರದೋ ಕಣ್ಣು ತಾಗಿತು ಎಂದೂ ಹೇಳುತ್ತದೆ.

"ನನ್ನ ತಮ್ಮ ಸತ್ತಾಗ್ಲೂ ಡಾಕ್ಟ್ರು ಹೀಗೇ ಅಂದ್ರು, ಹೃದಯ ಅಂತ," ಎಂದ ದೈಫಲ್ಲಾ ಮತ್ತೆ ನಡೆಯುತ್ತ. "ಸತ್ತ ಮೇಲೆ ಎಲ್ಲರದ್ದೂ ಹೃದಯವೇ ನಿಲ್ಲೋದು. ಅದಕ್ಕೆ ಡಾಕ್ಟ್ರು ಯಾಕೆ ಬೇಕು." ಸ್ವಲ್ಪ ದೂರ ಹೋದ ಮೇಲೆ, ದನಿ ತಗ್ಗಿಸಿ, "ಈ ಮಾತು ಇನ್ನೊಬ್ಬರ ಹತ್ರ ಆಡಬೇಡ. ನನ್ನ ಮಗ ಹೊಟ್ಟೆಕಿಚ್ಚಿನವನು ಅಂತ ಅನ್ನಿಸಿಕೊಳ್ಳೋದು ನನಗಿಷ್ಟ ಇಲ್ಲ," ಎಂದ. ತಂದೆಯ ಬಾಯಲ್ಲಿ ಅದು ಬೈಗುಳವಾಗಿ ಬರಲಿಲ್ಲ, ಅನುಮಾನವಾಗಿಯೂ ಬರಲಿಲ್ಲ. ಬಹಳ ಹಿಂದೆಯೇ ಗೊತ್ತಿದ್ದ ಸಂಗತಿಯೊಂದನ್ನು ಮುಚ್ಚಿಡೋಣ ಎಂಬಂತೆ ಬಂತು.

ಹಾಯಿಲ್ ಮನೆಯ ಹಿಂದಿನ ಗೋಡೆಯ ನೆರಳಲ್ಲಿ ಕೂತು ತುಪ್ಪದ ರೊಟ್ಟಿ ತಿನ್ನುತ್ತಿದ್ದ. ಅರ್ಧ ಹರಿದು ನೌಫಾನನಿಗೆ ಕೊಟ್ಟ. ಚಿಕ್ಕವರಿದ್ದಾಗಲೂ ಹೀಗೇ, ಯಾವಾಗಲೂ ದೊಡ್ಡ ಅರ್ಧ ಕೊಡುತ್ತಿದ್ದ. ಅದನ್ನೂ ನೌಫಾನ್ ಕ್ಷಮಿಸಿರಲಿಲ್ಲ.

"ನಾಳೆ ಒಂದು ದಿನ ಕಣೋ," ಎಂದ ಹಾಯಿಲ್. "ಆಮೇಲೆ ಸೈನ್ಯದವರ ಆಸ್ಪತ್ರೆ ಇದೆ. ದೊಡ್ಡದು. ಅಲ್ಲೇ ತೋರಿಸ್ಕೋತೀನಿ."

"ಅಲ್ಲಿ ತೋರಿಸಿದ್ರೆ ಹೊರಗೆ ಹಾಕ್ತಾರೆ."

"ಹಾಗಾದ್ರೆ ತೋರಿಸಲ್ಲ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಹಾಯಿಲ್ ಬೆರಳಿನ ತುಪ್ಪ ನೆಕ್ಕಿಕೊಳ್ಳುತ್ತ, ಮುಖ ನೋಡದೆ ಹೇಳಿದ. "ಅಮ್ಮ ಟೊಮೇಟೊ ಬಿಡಿಸಿ ಬಿಡಿಸಿ ಬೆರಳು ಮಡಚೋಕಾಗಲ್ಲ ನೋಡಿದೀಯಲ್ಲ. ನಾನು ಆ ಉಪ್ಪಿನ ಗಾಳೀಲಿ ಮುದುಕನಾಗಲ್ಲ. ಅದಕ್ಕಿಂತ ಓಡ್ತಾ ಸಾಯ್ತೀನಿ." ಹೀಗೆ ಹೇಳುವವರು ಸಾಮಾನ್ಯವಾಗಿ ಸಾಯುವುದಿಲ್ಲ, ಅದು ಮಾತಿನ ಚಂದಕ್ಕೆ ಹೇಳುವುದು. ಇವನು ಮಾತ್ರ ನಿಜವಾಗಿ ಸಾಯಬಹುದು ಎಂಬುದು ಲೋಕದಲ್ಲಿ ತನಗೊಬ್ಬನಿಗೇ ಗೊತ್ತು ಎಂದು ನೌಫಾನನಿಗೆ ಅನ್ನಿಸಿತು. ತಂದೆಗೂ ಗೊತ್ತು, ಹಾಯಿಲನಿಗೂ ಗೊತ್ತು. ಆದರೆ ಗೊತ್ತಿರುವುದನ್ನು ಅವರಿಬ್ಬರೂ ಎಲ್ಲೋ ಇಟ್ಟು ಮರೆತಿದ್ದಾರೆ. ಮರೆಯಲಾರದವನು ತಾನೊಬ್ಬ.

ಒಳಗಿನಿಂದ ಸುಟ್ಟ ಪಟಿಕದ ವಾಸನೆ ಬಂತು. ಹಾಯಿಲನ ತಾಯಿ ಫಿದ್ದಾ, ಮಗ ಬಿದ್ದ ಸುದ್ದಿ ಕೇಳಿದ್ದೇ, ದೃಷ್ಟಿ ತೆಗೆಯುವ ಅಜ್ಜಿ ವದ್ಹಾಳನ್ನು ಕರೆತಂದಿದ್ದಳು. ಅಜ್ಜಿಗೆ ಒಂದು ಕಣ್ಣಿನಲ್ಲಿ ಪೊರೆ, ಇನ್ನೊಂದರಲ್ಲಿ ನೀರು. ಆದರೂ ಊರಿನ ಕಣ್ಣುಗಳ ವಿಚಾರವೆಲ್ಲ ಅವಳ ಬಳಿಯೇ ತೀರ್ಮಾನವಾಗಬೇಕು. ಕೆಂಡದ ಮೇಲೆ ಪಟಿಕದ ತುಂಡು ಉಬ್ಬಿ, ಗುಳ್ಳೆಯೆದ್ದು, ಬಿಳಿಯ ಗಂಟಾಗಿ ನಿಂತಿತು. ಯಾರ ಕಣ್ಣು ತಾಗಿದೆಯೋ ಅವರ ಆಕಾರ ಅದರಲ್ಲಿ ಮೂಡುತ್ತದೆ. ಹುಡುಗರಿಬ್ಬರೂ ಒಳಗೆ ಬಂದು ಗೋಡೆಗೊರಗಿದರು.

"ಹೆಂಗಸು," ಎಂದಳು ಅಜ್ಜಿ, ಗಂಟನ್ನು ಇಕ್ಕಳದಲ್ಲಿ ತಿರುಗಿಸುತ್ತ. "ಇದು ತಲೆವಸ್ತ್ರ. ಇದು ತೋಳು. ನೋಡು, ಮಡಿಲು ಖಾಲಿ."

ಮಡಿಲು ಖಾಲಿಯಿರುವ ಹೆಂಗಸು ಆ ಓಣಿಯಲ್ಲಿ ಒಬ್ಬಳೇ, ಎದುರು ಮನೆಯ ಗಜ್ವಾ. ಮಕ್ಕಳಿಲ್ಲದ ಗಜ್ವಾ ಓಣಿಯ ಮಕ್ಕಳಿಗೆಲ್ಲ ರೊಟ್ಟಿಗೆ ಸಕ್ಕರೆ ಉದುರಿಸಿ ಕೊಟ್ಟವಳು. ಓಟ ಮುಗಿಸಿ ಬಂದಾಗ ಇವರಿಬ್ಬರಿಗೂ ಲೋಟದ ತುಂಬ ಮಜ್ಜಿಗೆ ಕೊಡುವವಳು. ಕೊಡುವಾಗ ಪ್ರತಿ ಸಲವೂ, ಮರೆಯದೆ, ಮಾಶಾ ಅಲ್ಲಾ, ಎಲ್ಲ ದೇವರಿಚ್ಛೆ, ಎನ್ನುವವಳು. ತನ್ನಂಥವಳು ಅದನ್ನು ಒಂದು ಸಲ ಮರೆತರೂ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಯಾವ ಹೊಗಳಿಕೆಗೇ ಆಗಲಿ ಆ ಮಾತು ಸೇರಿಸದೆ ಬಿಟ್ಟರೆ ಅದು ಕಣ್ಣಾಗಿ ತಾಗುತ್ತದೆ ಎಂಬುದು ಹಾಲು ಕುಡಿಯುವ ಮಕ್ಕಳಿಗೂ ತಿಳಿದ ಸಂಗತಿ.

"ಹೋಗಿ ನೀರು ಕೇಳ್ಕೊಂಡು ಬಾ," ಎಂದಳು ಅಜ್ಜಿ. "ಜಗಳ ಬೇಡ. ಕೈ ಮುಖ ತೊಳೆದ ನೀರು ಕೊಡು, ಇವನ ತಲೆಗೆ ಹಾಕಿ ಕಣ್ಣು ಇಳಿಸ್ಬೇಕು ಅನ್ನು. ಕೊಡ್ತಾಳೆ. ಕೊಡದೆ ಇದ್ರೆ ಒಪ್ಪಿಕೊಂಡ ಹಾಗೇ."

ಕೊಟ್ಟರೂ ಒಪ್ಪಿಕೊಂಡ ಹಾಗೇ, ಎಂದು ನೌಫಾನ್ ಯೋಚಿಸಿದ. ಫಿದ್ದಾ ಬಟ್ಟಲು ಎತ್ತಿಕೊಂಡಳು. ಈ ಬಟ್ಟಲು ಎದುರು ಮನೆಯ ಹೊಸ್ತಿಲು ದಾಟಿದರೆ ನಾಳೆಯಿಂದ ಗಜ್ವಾಳ ಮಜ್ಜಿಗೆಯನ್ನು ಯಾರೂ ಕುಡಿಯುವುದಿಲ್ಲ. ಇಂದು ಬೆಳಿಗ್ಗೆ ಏರಿನ ಬುಡದಲ್ಲಿ, ತನ್ನನ್ನು ದಾಟಿ ಹಾರಿಹೋದ ಹಾಯಿಲನ ಬೆನ್ನಿಗೆ, "ಕುದುರೆ ಕಣೋ ನೀನು, ಕುದುರೆ," ಎಂದು ಕೂಗಿದ್ದು ಯಾರು? ಅದರ ಹಿಂದೆ ಆ ಎರಡು ಶಬ್ದ ಸೇರಿಸದೆ ಬಿಟ್ಟದ್ದು ಯಾರು? ಮರೆತದ್ದಲ್ಲ. ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದದ್ದು. ಕಣ್ಣು ಎಂಬುದು ನಿಜವಿದ್ದರೆ ಅದು ತನ್ನದೇ. ಇದು ಸುಳ್ಳಲ್ಲವಲ್ಲ, ಎಂದುಕೊಂಡ. ಇದು ಸುಳ್ಳಲ್ಲ. ಇಡೀ ನಿಜ ಹೇಳಲು ಬಾಯಿ ತೆರೆದವನು ಹತ್ತಿರದಲ್ಲಿದ್ದ ಇನ್ನೊಂದು ನಿಜ ಹೇಳಿಬಿಟ್ಟ.

"ಗಜ್ವಾ ಅಲ್ಲ ಚಿಕ್ಕಮ್ಮ. ನಾನು."

ಫಿದ್ದಾ ಬಾಗಿಲಲ್ಲೇ ತಿರುಗಿದಳು.

"ಬೆಳಿಗ್ಗೆ ಅವನನ್ನ ಕುದುರೆ ಅಂದೆ. ಹಾಗೇ ಅಂದುಬಿಟ್ಟೆ. ಮನಸ್ಸಲ್ಲೂ," ಎಂದು ತಡವರಿಸಿದ, "ಮನಸ್ಸಲ್ಲೂ ಒಳ್ಳೇದಿರಲಿಲ್ಲ."

ಹಾಯಿಲ್ ಅವನನ್ನೇ ನೋಡುತ್ತಿದ್ದ. ಮೊದಲು ಬೆರಗಾಗಿ ನೋಡಿದ, ಆಮೇಲೆ ನಿಧಾನವಾಗಿ ಅವನ ಮುಖದ ಬಿಗಿ ಸಡಿಲಾಯಿತು. ಅವನು ನಂಬಿದ. ನಂಬಲು ಅವನಿಗೆ ಎಷ್ಟು ಆಸೆಯಿತ್ತೆಂಬುದು ಆ ಮುಖದಲ್ಲೇ ಕಾಣುತ್ತಿತ್ತು. ಕಣ್ಣಾದರೆ ತೊಳೆದರೆ ಹೋಗುತ್ತದೆ.

ಅಜ್ಜಿ ಪಟಿಕದ ಗಂಟನ್ನು ಮತ್ತೊಮ್ಮೆ ತಿರುಗಿಸಿ, "ಹೌದು, ಇದು ತಲೆವಸ್ತ್ರ ಅಲ್ಲ, ಗಂಡಸಿನ ರುಮಾಲು," ಎಂದಳು. ಯಾರೂ ನಗಲಿಲ್ಲ.

ತಾಮ್ರದ ಹರಿವಾಣ ಬಂತು. ಫಿದ್ದಾ ನೀರು ಹೊಯ್ದಳು. ನೌಫಾನ್ ಕೈ ತೊಳೆದ, ಮುಖ ತೊಳೆದ, ಅಜ್ಜಿ ಹೇಳಿದಂತೆ ಮೊಣಕೈವರೆಗೆ, ಆಮೇಲೆ ಪಾದ. ಹರಿವಾಣದಲ್ಲಿ ಸೇರಿದ ಮಬ್ಬು ನೀರನ್ನು ಹಿಂದಿನಿಂದ ಹಾಯಿಲನ ತಲೆಯ ಮೇಲೆ ಒಮ್ಮೆಗೇ ಸುರಿದರು. ಅವನು ನಡುಗಿ, ಕೂದಲು ಕೊಡವಿ, ಮಗುವಿನಂತೆ ನಕ್ಕ. ಫಿದ್ದಾ ಮಡಚಲಾಗದ ಬೆರಳುಗಳಲ್ಲಿ ನೌಫಾನನ ತಲೆ ಹಿಡಿದು ಹಣೆಗೆ ಮುತ್ತಿಟ್ಟಳು. "ನಿನ್ನ ಬಾಯಿಗೆ ಸಕ್ಕರೆ ಹಾಕ ನನ್ನಪ್ಪ. ಒಪ್ಪಿಕೊಂಡೆಯಲ್ಲ. ಇವನ ಅಪ್ಪನಿಗೆ ತಾಗಿಸಿದವರು ಯಾರಾದ್ರೂ ಹೀಗೆ ಒಂದು ಮಾತು ಒಪ್ಪಿಕೊಂಡಿದ್ರೆ ನನ್ನ ಗಂಡ ಇವತ್ತು ಇರ್ತಿದ್ದ." ಅವಳು ಅಳುತ್ತಿದ್ದಳು. ನೌಫಾನನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಹಗುರ. ಬಹಳ ದಿನದ ಮೂಟೆ ಇಳಿಸಿದಂಥ ಹಗುರ. ಸಣ್ಣ ಕಳ್ಳತನ ಒಪ್ಪಿಕೊಂಡು ದೊಡ್ಡದನ್ನು ಮುಚ್ಚಿಕೊಂಡ ಕಳ್ಳನಿಗೆ ಆಗುವಂಥದು. ಆ ಹಗುರವೇ ಅವನನ್ನು ಹೆದರಿಸಿತು.

ಮನೆಗೆ ಹೋಗುವಾಗ ಓಣಿಗೆ ಸುದ್ದಿ ಮುಟ್ಟಿತ್ತು. ಹೊಸ್ತಿಲಲ್ಲಿ ಕೂತಿದ್ದ ಗಜ್ವಾ, ಅಕ್ಕನ ಮಗಳ ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನೌಫಾನ್ ಹತ್ತಿರ ಬರುತ್ತಿದ್ದಂತೆ, ಅವನಿಗೆ ಬೇಸರವಾಗದಿರಲೆಂದು ಮೆಲ್ಲಗೆ, ತಲೆವಸ್ತ್ರದ ಅಂಚನ್ನು ಕೂಸಿನ ಮುಖದ ಮೇಲೆ ಎಳೆದಳು. "ಮಜ್ಜಿಗೆ ಕುಡೀತೀಯಾ ಮಗ?" ಎಂದಳು. ಅವನು ಬೇಡವೆಂದ. ಅವಳಿಗಾಗಿ ತಾನು ಮಾಡಿದ್ದು ಅವಳಿಗೆ ಎಂದೂ ತಿಳಿಯುವುದಿಲ್ಲ. ಅವಳಿಗಾಗಿಯೇ ಮಾಡಿದೆನೋ ಇಲ್ಲವೋ ಎಂಬುದು ಅವನಿಗೂ ತಿಳಿಯದು. ಸಂಜೆ ಊಟಕ್ಕೆ ಕೂತಾಗ ತಂದೆ ಒಂದೇ ಮಾತು ಹೇಳಿದ. "ನಾಳೆ ಓಡುವಾಗ ಅವನ ಬೆನ್ನು ನೋಡಬೇಡ. ನೆಲ ನೋಡು."

ಮೈದಾನದಲ್ಲಿ ಧೂಳು ಏಳದಿರಲೆಂದು ನೀರು ಹೊಡೆದಿದ್ದರು. ಸುತ್ತಲ ಊರುಗಳ ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಬಟ್ಟೆ ಬಿಚ್ಚಿದಾಗ ಎಲ್ಲರೂ ಒಂದಿಷ್ಟು ಚಿಕ್ಕವರಾಗಿ ಕಾಣುತ್ತಿದ್ದರು, ಹಾಯಿಲ್ ಒಬ್ಬನನ್ನು ಬಿಟ್ಟು. ಡೇರೆಯೊಳಗೆ ಕೂತಿದ್ದ ಡಾಕ್ಟರು ಮೆಲುದನಿಯ, ತಾಳ್ಮೆಯ ಮನುಷ್ಯ. ಹಾಯಿಲನ ಎದೆಗೆ ಕೊಳವೆಯಿಟ್ಟು ಕೇಳಿದರು, ಬೆನ್ನಿಗಿಟ್ಟು ಕೇಳಿದರು, ಉಸಿರು ಹಿಡಿಸಿ ಮತ್ತೆ ಕೇಳಿದರು. ಸುಮ್ಮನೆ ನಿಂತಾಗ ಅದು ಎಲ್ಲರ ಎದೆಯಂತೆಯೇ ಬಡಿಯುತ್ತದೆ. ಬೇರೆಯವರಿಗಿಂತ ಗಟ್ಟಿಯಾಗಿಯೇ ಬಡಿಯುತ್ತದೆ.

"ಓಡುವಾಗ ಯಾವತ್ತಾದ್ರೂ ತಲೆ ಸುತ್ತಿ ಬಿದ್ದಿದ್ದಿದೆಯಾ?"

"ಇಲ್ಲ ಸಾರ್."

"ತಂದೆ ಇದ್ದಾರಾ?"

"ಇಲ್ಲ ಸಾರ್. ಮೂಟೆ ಬಿದ್ದು ಹೋದ್ರು."

ಎಷ್ಟು ಸಲೀಸಾಗಿ ಹೇಳಿದ. ನಿನ್ನೆ ಸುರಿದ ನೀರು ಅವನೊಳಗಿನ ಅಳುಕನ್ನೂ ತೊಳೆದುಕೊಂಡು ಹೋಗಿತ್ತು, ಈಗ ಅವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂಬುದೂ ತಿಳಿಯುತ್ತಿರಲಿಲ್ಲ. ಮುಂದಿನ ಸರದಿ ನೌಫಾನನದು. ಕೊಳವೆಯ ತಣ್ಣನೆಯ ತುದಿ ಎದೆಗೆ ತಾಗಿದ್ದೇ ಒಳಗೆ ಕುರಿಹಿಂಡು ಬೆದರಿ ನುಗ್ಗಿದಂತಾಯಿತು. ಡಾಕ್ಟರು ಹುಬ್ಬೇರಿಸಿದರು.

"ಯಾಕೆ ಇಷ್ಟು ಹೊಡ್ಕೊಳ್ತಿದೆ? ಓಡಿ ಬಂದ್ಯಾ?"

"ಇಲ್ಲ ಸಾರ್."

"ಈ ಪಕ್ಕ ಕೂತ್ಕೋ. ಸಮಾಧಾನ ಆದ್ಮೇಲೆ ಇನ್ನೊಂದ್ಸಲ ನೋಡ್ತೀನಿ."

ಪಕ್ಕದ ಬೆಂಚಿನ ಮೇಲೆ, ಹರ್ನಿಯಾದವನೂ ಮಾಲುಗಣ್ಣಿನವನೂ ಕೂತಿದ್ದಲ್ಲಿ, ಅವನೂ ಕೂತ. ಹಾದುಹೋಗುವ ಹುಡುಗರು ನೋಡಿ ಮುಸಿನಕ್ಕರು. ಹೊರಗೆ ಬೇಲಿಗೆ ಒರಗಿದ್ದ ತಂದೆ ನೋಡಿ ಮುಖ ತಿರುಗಿಸಿದ. ಒಳ್ಳೆಯ ಎದೆಯಿರುವ ತಾನು ರೋಗಿಗಳ ಬೆಂಚಿನ ಮೇಲೆ, ಕೆಟ್ಟ ಎದೆಯವನು ಅಲ್ಲಿ ಬೂಟಿನ ಹುರಿ ಕಟ್ಟಿಕೊಳ್ಳುತ್ತ ಪಕ್ಕದವನನ್ನು ನಗಿಸುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು, ಮತ್ತೆ ಕೊಳವೆಯಿಟ್ಟು, ಅವನ ಮುಖ ನೋಡಿ, ತಂದೆಯಾದವನು ಕೇಳುವಂತೆ ಕೇಳಿದರು. "ಏನಾದ್ರೂ ಹೇಳೋದಿದೆಯೇನಪ್ಪ?"

ಇತ್ತು. ಇಷ್ಟು ಮೃದುವಾಗಿ ಅದನ್ನು ಅವನಿಂದ ಯಾರೂ ಕೇಳಿರಲಿಲ್ಲ. ಡಾಕ್ಟರ ಹೆಗಲ ಮೇಲಿಂದ ಹಾಯಿಲ್ ಕಾಣುತ್ತಿದ್ದ. ಈಗ ಹೇಳಿದರೆ ಹಾಯಿಲ್ ಬದುಕುತ್ತಾನೆ, ಟೊಮೇಟೊ ಬಿಡಿಸುತ್ತ, ತನ್ನನ್ನು ದ್ವೇಷಿಸುತ್ತ ಬದುಕುತ್ತಾನೆ. ಮುಂದಿದ್ದವನನ್ನು ಮೈದಾನದಿಂದ ಎಳೆದು ಹೊರಹಾಕಿದ ಕಣ್ಣು ಎಂದು ತಾನು ಸಾಯುವವರೆಗೂ ಅನ್ನಿಸಿಕೊಳ್ಳಬೇಕು. ಎರಡನ್ನೂ ತೂಗಲು ಹೋದ. ತೂಗುತ್ತಿರುವಾಗಲೇ ಅವನ ಬಾಯಿ "ಇಲ್ಲ ಸಾರ್" ಎಂದುಬಿಟ್ಟಿತು. ಹೆದರಿಕೆಗೆ ಬಾಯಿ ಯಾವಾಗಲೂ ಹತ್ತಿರ.

ಓಟ ಶುರುವಾಯಿತು. ತಂದೆ ಹೇಳಿದಂತೆ ಅವನು ನೆಲ ನೋಡಿಕೊಂಡು ಓಡಿದ, ಮೊದಲ ಸುತ್ತು ಚೆನ್ನಾಗಿಯೇ ಓಡಿದ. ಆಮೇಲೆ ಆಗಲಿಲ್ಲ. ತಲೆಯೆತ್ತಿ ಆ ಕುತ್ತಿಗೆಯನ್ನು ಹುಡುಕಿದ. ಅದು ಎಲ್ಲರಿಗಿಂತ ಮುಂದೆ, ಬಿಸಿಲಿಗೆ ಕೆಂಪಾಗಿ, ಹೊಳೆಯುತ್ತ ಹೋಗುತ್ತಿತ್ತು. ಬೂದಿ ಬಣ್ಣ ಬರುವುದೇ ಎಂದು ನೋಡುತ್ತ ಓಡಿದ. ದೂರವಾದಾಗ ಕಾಣದಾಯಿತು. ಮೂಲೆಯ ತಿರುವಿನಲ್ಲಿ ನಿಂತುಬಿಟ್ಟ. ನಿಂತರೆ ಹಾಯಿಲ್ ಮತ್ತೊಂದು ಸುತ್ತು ಬರುವಾಗ ಎದುರಿನಿಂದ ಮುಖ ಕಾಣುತ್ತದೆ. ಯಾರೋ ಅಧಿಕಾರಿ ಬೈದ. ಹಾಯಿಲ್ ಬಂದ, ಹಲ್ಲು ಕಾಣುವಂತೆ ಬಾಯಿ ತೆರೆದುಕೊಂಡು, ತುಟಿ ಕೆಂಪಗೆ, ಜೀವ ತುಂಬಿ ತುಳುಕುತ್ತ ಬಂದ. "ಓಡೋ ಹುಚ್ಚಾ," ಎಂದು ಕೂಗಿ ದಾಟಿಹೋದ. ಒಂದು ವೇಳೆ ನಿಜವಾಗಿ ಕಣ್ಣೇ ಇತ್ತೇನೋ, ನಿಜವಾಗಿ ತೊಳೆದುಹೋಯಿತೇನೋ ಎಂದು ನೌಫಾನನಿಗೆ ಒಂದು ಗಳಿಗೆ ಅನ್ನಿಸಿತು. ಆ ಗಳಿಗೆಯಷ್ಟು ಸುಖ ಅವನಿಗೆ ಆ ವರ್ಷದಲ್ಲಿ ಸಿಕ್ಕಿರಲಿಲ್ಲ. ಹಾಯಿಲ್ ಮೊದಲಿಗನಾಗಿ ಮುಟ್ಟಿದ. ನೌಫಾನ್ ಮುಟ್ಟಿದಾಗ ಗೆರೆಯ ಬಳಿ ಇದ್ದವರು ಆಗಲೇ ಹಗ್ಗ ಸುತ್ತುತ್ತಿದ್ದರು.

ಆಯ್ಕೆಯಾದವರು ಮರುದಿನ ಬೆಳಿಗ್ಗೆಯೇ ಹೊರಡಬೇಕು. ಸಂಜೆ ಫಿದ್ದಾಳ ಮನೆಯಲ್ಲಿ ಕುರಿ ಕೊಯ್ದು, ಒಣಮೊಸರಿನ ಸಾರಿನಲ್ಲಿ ಬೇಯಿಸಿ, ಅನ್ನದ ಗುಡ್ಡದ ಮೇಲೆ ಸುರಿದಿದ್ದರು. ಹೆಂಗಸರು ಸಂಭ್ರಮಕ್ಕೆ ನಾಲಗೆ ಹೊರಳಿಸಿ ಉಲಿದರು. ದೈಫಲ್ಲಾ ಬಂದವರಿಗೆಲ್ಲ ಹೆಮ್ಮೆಯಿಂದ ವಿವರಿಸುತ್ತಿದ್ದ. "ಇವತ್ತಿನದು ಬರೀ ಜರಡಿ. ನಾಳೆಯಿಂದ ಬೆನ್ನ ಮೇಲೆ ಮೂಟೆ ಹೊರಿಸಿ ಮರಳಲ್ಲಿ ಓಡಿಸ್ತಾರೆ. ನಡುಮಧ್ಯಾಹ್ನ. ದಿನಾ. ಅಲ್ಲಿ ಗೊತ್ತಾಗತ್ತೆ ಗಂಡಸು ಯಾರು ಅಂತ." ಬೆನ್ನ ಮೇಲೆ ಮೂಟೆ. ತಂದೆಗೆ ತನ್ನ ಬಾಯಿಂದ ಬಂದದ್ದೇನೆಂದು ಕೇಳಿಸಲಿಲ್ಲವೇ? ನೌಫಾನ್ ಅನ್ನವನ್ನು ಉಂಡೆ ಕಟ್ಟುತ್ತ, ಬಿಡುತ್ತ, ಮತ್ತೆ ಕಟ್ಟುತ್ತ ಕೂತಿದ್ದ. ಇಲ್ಲಿಯವರೆಗೆ ಹಾಯಿಲ್ ಬಿದ್ದರೆ ಪಕ್ಕದಲ್ಲಿ ಅವನ ಎದೆ ಮುಟ್ಟಿ ನೋಡುವವನೊಬ್ಬನಿದ್ದ. ನಾಳೆಯಿಂದ ಯಾರೂ ಇಲ್ಲ.

ಊಟವಾಗಿ ಹೊರಗಿನವರು ಎದ್ದು ಹೋದ ಮೇಲೆ ಫಿದ್ದಾ ಹರಿವಾಣವನ್ನೂ, ತೊಳೆದ ಪ್ಲಾಸ್ಟಿಕ್ ಬಾಟಲಿಯೊಂದನ್ನೂ ತಂದಳು. "ಇನ್ನೊಂದ್ಸಲ ತೊಳಕೋ ನನ್ನಪ್ಪ," ಎಂದಳು ನೌಫಾನನಿಗೆ, ಸಂಕೋಚದಿಂದ. "ನಿನ್ನ ತಪ್ಪು ಅಂತಲ್ಲ. ಅವನು ದೂರ ಹೋಗ್ತಾನೆ. ಅಲ್ಲಿ ಏನಾದ್ರೂ ತಲೆ ಸುತ್ತಿದ್ರೆ ಒಂದು ಬೊಗಸೆ ತಲೆ ಮೇಲೆ ಹಾಕ್ಕೊಳ್ಳಲಿ."

ನೌಫಾನ್ ಕೈ ಚಾಚಲಿಲ್ಲ. ಹೇಳತೊಡಗಿದ. ಹೇಳುವಾಗ ತನ್ನ ದನಿ ಇಷ್ಟು ಸ್ಪಷ್ಟವಾಗಿರುವುದು ಅವನಿಗೇ ಆಶ್ಚರ್ಯವಾಯಿತು. "ಚಿಕ್ಕಮ್ಮ, ಕಣ್ಣಲ್ಲ ಅದು. ಅವನು ಬಿದ್ದಿದ್ದು ಅದು ಮೂರನೇ ಸಲ. ಆಲಿವ್ ಕಾಲದಲ್ಲಿ ಒಂದ್ಸಲ, ಹಳ್ಳದಲ್ಲಿ ಒಂದ್ಸಲ. ಬಿದ್ದಾಗ ಎದೆ ನಿಲ್ಲತ್ತೆ. ನಾನು ಕೈ ಇಟ್ಟು ನೋಡಿದೀನಿ. ಚಿಕ್ಕಪ್ಪನಿಗೂ ಅದೇ ಆಗಿದ್ದು. ಅವನನ್ನ ಕಳಿಸಬೇಡಿ. ಕಳಿಸಿದ್ರೆ ಸತ್ತು ಬರ್ತಾನೆ."

ಫಿದ್ದಾಳ ಮುಖದಲ್ಲಿ ಏನೋ ಕದಲಿತು, ಅವಳು ಮಗನ ಕಡೆ ತಿರುಗಿದಳು. ಒಂದು ಕ್ಷಣ ಎಲ್ಲವೂ ಹಾಯಿಲನ ಬಾಯಲ್ಲಿತ್ತು.

"ಒಂದೇ ಸಲ ಅಮ್ಮ ನಾನು ಬಿದ್ದಿದ್ದು," ಎಂದ ಹಾಯಿಲ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು. "ಅದು ಯಾಕೆ ಅಂತ ಇವನೇ ನಿನ್ನೆ ಹೇಳಿದ್ನಲ್ಲ. ಇವತ್ತು ಪಾಪ ಸೋತು ಬಂದಿದಾನೆ. ಬಿಡಿ."

"ಸತ್ತು ಬರ್ತಾನೆ ಅಂದ," ಎಂದಳು ಅಜ್ಜಿ ವದ್ಹಾ, ಮೂಲೆಯಿಂದ. "ಹೊರಡೋ ಹೊತ್ತಲ್ಲಿ ಅಂದ. ಕೇಳಿಸ್ತಲ್ಲ ಎಲ್ಲರಿಗೂ? ಈಗ ಇವನ ಕಣ್ಣಷ್ಟೇ ಅಲ್ಲ, ಮಾತೂ ತಾಗತ್ತೆ."

ದೈಫಲ್ಲಾ ಎದ್ದು ಬಂದ. ಹೊಡೆಯುತ್ತಾನೆಂದು ನೌಫಾನ್ ಕಣ್ಣು ಮುಚ್ಚಿದ. ಅವನು ಹೊಡೆಯಲಿಲ್ಲ. ಮಗನ ಮಣಿಕಟ್ಟು ಹಿಡಿದು, ಎರಡೂ ಕೈಗಳನ್ನು ಹರಿವಾಣದ ಮೇಲೆ ಎಳೆದು ತಂದು ಹಿಡಿದ. ಫಿದ್ದಾ ನೀರು ಹೊಯ್ದಳು. ಅವಳ ಕಣ್ಣಲ್ಲಿ ನಿನ್ನೆಯ ಪ್ರೀತಿಯಿರಲಿಲ್ಲ, ಅವಸರವಿತ್ತು. ಕೈ, ಮುಖ, ಮೊಣಕೈ.

"ಈ ಸಲ ಬಾಯೂ ಮುಕ್ಕಳಿಸಲಿ," ಎಂದಳು ಅಜ್ಜಿ. "ಆ ನೀರೂ ಇದಕ್ಕೇ ಬೀಳಲಿ."

ಫಿದ್ದಾ ಲೋಟವನ್ನು ಅವನ ತುಟಿಗೆ ಹಿಡಿದಳು. ನೌಫಾನ್ ಬಾಯಿ ತುಂಬ ನೀರು ತೆಗೆದುಕೊಂಡು, ಮುಕ್ಕಳಿಸಿ, ಹರಿವಾಣಕ್ಕೆ ಉಗುಳಿದ. ಫಿದ್ದಾ ಒಂದು ಹನಿಯೂ ಚೆಲ್ಲದಂತೆ ಅದನ್ನೆಲ್ಲ ಬಾಟಲಿಗೆ ತುಂಬಿಸಿದಳು. ಹಾಯಿಲ್ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಚೀಲದೊಳಗೆ ಬಟ್ಟೆಗಳ ನಡುವೆ ಇಟ್ಟುಕೊಂಡ.